ಹದ ಮೀರಿದ ಸೀಸೆ

ಡಂಡೀಯಲ್ಲಿ ಡಿಸೆಂಬರ್, ಮೂರೂವರೆಗೇ ದೀಪ ಹಚ್ಚುವ ಹೊತ್ತು.
ನಮಗೆ ಒಳ್ಳೆಯದೇ ಆಯಿತು: ಕಿಟಕಿಗೆ ಕರಿ ಪರದೆ ಬೇಡ,
ಟೇ ನದಿಯ ಮಂಜೇ ಬಂದು ಗಾಜಿಗೆ ಒರಗಿಕೊಳ್ಳುತ್ತದೆ.

ಮೂರು ಕತ್ತಿನ ಬುಡ್ಡಿ, ಡೂಗಲ್ ಪೆಟ್ರಿ ಊದಿಕೊಟ್ಟದ್ದು.
ಒಂದು ಕತ್ತು ತುಸು ಸೊಟ್ಟ; ಅದೇ ತನ್ನ ರುಜು ಅನ್ನುತ್ತಾನೆ.
ಒಳಗೆ ಎಣ್ಣೆ, ಎಣ್ಣೆಯಲ್ಲಿ ಕ್ಯಾಡ್ಮಿಯಮ್,
ಮೇಲೆ ಯಾರ ಗೊಡವೆಗೂ ಹೋಗದ ಆರ್ಗಾನ್.
ಕಾವು ಇನ್ನೂರ ಎಂಬತ್ತು.
ಸಿರಿಂಜಿನ ಟೆಲ್ಲುರಿಯಮ್ಮನ್ನು ಒಂದೇ ಏಟಿಗೆ ಒತ್ತಬೇಕು.
ಕೈ ಅನುಮಾನಿಸಿತೋ, ಒಂದೊಂದು ಕಣ ಒಂದೊಂದು ಗಾತ್ರ;
ಗಾತ್ರ ತಪ್ಪಿದರೆ ಬಣ್ಣ ತಪ್ಪಿತು.
ಇಲ್ಲಿ ಬಣ್ಣವೆಂದರೆ ಬಳಿದದ್ದಲ್ಲ,
ಬೆಳೆದು ನಿಂತ ಅಳತೆ.

ನೇರಳೆ ದೀಪದಡಿ ಹಿಡಿದ ಹನಿ ಮೊದಲು ಎಳೆ ಸೌತೆ,
ಆಮೇಲೆ ನಿಂಬೆ, ಕಿತ್ತಳೆ,
ಆಮೇಲೆ ಅರಿಶಿನಕ್ಕೆ ಸುಣ್ಣ ಬಿದ್ದ ಹಾಗೆ
ಒಮ್ಮೆಲೇ ಕೆಂಪು.
ಸಕ್ಕರೆ ಪಾಕವಾದರೆ ಒಂದೆಳೆ, ಎರಡೆಳೆ ಅಂತ ಬೆರಳು ಹೇಳೀತು.
ಇದನ್ನು ಬೆರಳಿಗೆ ಮುಟ್ಟಿಸುವಂತಿಲ್ಲ, ವಿಷ.
ಕಣ್ಣೊಂದೇ ಗತಿ.

ಅಂಥ ಹೊತ್ತಿನಲ್ಲಿ ಮೋರ್ವೆನ್ ಕೇಳಿದಳು:
‘ರಾತ್ರಿ ಏನು ಅಡುಗೆ? ಬೆಳ್ಳುಳ್ಳಿ ಘಮ್ಮೆನ್ನುತ್ತಿದೆ.’
ಅಡುಗೆಯದಲ್ಲ ಮಾರಾಯ್ತಿ, ಟೆಲ್ಲುರಿಯಮ್ಮಿನದು.
ಚೂರು ಮೈಗೆ ಹೊಕ್ಕರೂ ಸಾಕು, ವಾರಗಟ್ಟಲೆ ಉಸಿರಲ್ಲೇ ಕೂತಿರುತ್ತದೆ.
ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಹೊಸ್ತಿಲು ದಾಟಿದ್ದೇ ಇಲ್ಲ,
ಈರುಳ್ಳಿಗೂ ಚಾತುರ್ಮಾಸ್ಯದಲ್ಲಿ ರಜೆ,
ಪದ್ಮಾವತಿ ಅತ್ತೆ ಒಮ್ಮೆ ಹೋಟೆಲಿನ ಚಟ್ನಿ ಮೂಸಿ
ಎದ್ದು ಸ್ನಾನಕ್ಕೆ ಹೋದದ್ದು...
ಹೇಳುತ್ತ ಹೇಳುತ್ತ ತಿರುಗಿ ನೋಡಿದರೆ
ಬುಡ್ಡಿಯೊಳಗೆ ಕಾಫಿ ಡಿಕಾಕ್ಷನ್ನು.

ದೀಪ ಹಿಡಿದೆ. ಏನೂ ಇಲ್ಲ.
ಪುಸ್ತಕದಲ್ಲಿ ಬರೆದೆ: ಹದ ಮೀರಿತು, ಕೆಟ್ಟಿತು.
ವಿಷವನ್ನು ಮೋರಿಗೆ ಸುರಿಯುವಂತಿಲ್ಲ ಎಂಬ ಒಂದೇ ಕಾರಣಕ್ಕೆ
ಸೀಸೆ ಕಪಾಟಿನಲ್ಲಿ ಉಳಿಯಿತು.

ಜನವರಿಯಲ್ಲಿ ಅಂಗಡಿಯಿಂದ ಕೋಳಿಯ ಎದೆಮಾಂಸ ತಂದು
(ಕೊಯ್ದವಳು ಮೋರ್ವೆನ್, ನಾನು ಅಳತೆಪಟ್ಟಿ ಹಿಡಿದೆ)
ಅದರಡಿ ಒಂದೊಂದೇ ಬಣ್ಣ ಇಟ್ಟೆವು.
ಹಸಿರನ್ನು ಮಾಂಸ ಕುಡಿದುಬಿಟ್ಟಿತು.
ಕಿತ್ತಳೆ ಎರಡು ಮಿಲಿಮೀಟರಿಗೆ ಸುಸ್ತು.
ಕೊನೆಗೆ, ಸುಮ್ಮನೆ, ಆ ಸೀಸೆಯ ಹನಿ.
ನಮ್ಮ ಕಣ್ಣಿಗೆ ಆಗಲೂ ಏನಿಲ್ಲ.
ಅತಿಗೆಂಪು ನೋಡುವ ಕ್ಯಾಮೆರಾದ ಪರದೆಯಲ್ಲಿ ಮಾತ್ರ
ಒಂದು ಸೆಂಟಿಮೀಟರ್ ಮಾಂಸ ಹಾದು
ಸಾಸಿವೆಯಷ್ಟು ಬಿಳುಪು, ಅಲುಗದೆ.
ಡೂಗಲ್ ನೋಡಲು ಬಂದ.
‘ಸೊಟ್ಟ ಕತ್ತಿನದಾ?’ ಎಂದ.

ಎಷ್ಟು ಹೊತ್ತು ಕಾಯಿಸಿದ್ದೆ? ಬರೆದಿಟ್ಟಿರಲಿಲ್ಲ.
ಮನುಷ್ಯರ ಮೈಯ ಗಂಟು ಹುಡುಕುವ ಮಾತು ದೂರ,
ಮೊದಲು ಇದು ಇನ್ನೊಮ್ಮೆ ಆಗಬೇಕು, ಹಾಗೇ.
ಅದಕ್ಕೆ ಇವತ್ತು ಮತ್ತೆ ಬುಡ್ಡಿ, ಮತ್ತೆ ಇನ್ನೂರ ಎಂಬತ್ತು.
ನಾನು ಸಿರಿಂಜು ಒತ್ತುತ್ತೇನೆ.
ಮೋರ್ವೆನ್ ಗಡಿಯಾರದ ಗುಂಡಿ ಅದುಮಿ ಕಾಯುತ್ತಾಳೆ,
ಕಿತ್ತಳೆ ದಾಟಿ ಕೆಂಪು ತಿರುಗಿದ್ದೇ
ಗಂಭೀರವಾಗಿ ಕೇಳುತ್ತಾಳೆ:
‘ರಾತ್ರಿ ಏನು ಅಡುಗೆ?’
ನಾನು ಮೊದಲಿಂದ ಶುರು ಮಾಡುತ್ತೇನೆ, ಒಂದು ಮಾತೂ ಬಿಡದೆ,
ಹೊಸ್ತಿಲು, ಚಾತುರ್ಮಾಸ್ಯ, ಪದ್ಮಾವತಿ ಅತ್ತೆ.