ಲೆಕ್ಕಕ್ಕೆ ಮುನ್ನೂರು ಕಡಿಮೆ

ಫೆಬ್ರವರಿ. ಡುಲೂತ್‌ನಲ್ಲಿ ಸರೋವರ ಕೂಡ
ಬಾಗಿಲು ಹಾಕಿಕೊಂಡಿತ್ತು.
ಮಕ್ಕಳು ಜಾರುವ ಕೆಂಪು ಸ್ಲೆಡ್ಡಿನ ಮೇಲೆ
ಹದಿನಾಲ್ಕು ಪೆಟ್ಟಿಗೆ ಹೇರಿ, ಹಗ್ಗ ಬಿಗಿದು,
ಕಾರಿನಿಂದ ನನ್ನ ಅಂಗಡಿಯೊಳಕ್ಕೆ
ಎಳೆದುಕೊಂಡೇ ಬಂದಳು ಐರ್ಮಾ ನೀಮಿ.

ಬಿಚ್ಚುವುದೇ ಬೇಡ, ಪೆಟ್ಟಿಗೆಯ ಬಣ್ಣ ಸಾಕು:
ಎಂಬತ್ತೊಂಬತ್ತು, ತೊಂಬತ್ತು, ತೊಂಬತ್ತೊಂದು.
ಡಾಕ್ಟರಿಗೆ ಹೊರಗಿನಿಂದಲೇ ಕೆಮ್ಮು ಕೇಳಿದ ಹಾಗೆ.

"ರೂಬೆನ್ ಕೂಡಿಟ್ಟದ್ದು," ಅಂದಳು ಕೈಗವಸು ಕಳಚದೆ.
"ಅದಿರಿನ ಧಕ್ಕೆಯ ಓವರ್‌ಟೈಮ್ ಕಾಸು ಬಂದಾಗೆಲ್ಲ ಒಂದೊಂದು.
ಕ್ರಿಸ್ಟಾಳ ಕಾಲೇಜಿಗೆ.
ಬಿಚ್ಚಿದರೆ ಬೆಲೆ ಹೋಗುತ್ತದಂತೆ.
ಮಗಳು ಹತ್ತಿರ ಹೋದರೂ ಗದರುತ್ತಿದ್ದ,
ಕಾವಿಗೆ ಕೂತ ಕೋಳಿ."

ವಾರಕ್ಕೆರಡು ಸಲ ಆಡುವ ಮಾತು ನನ್ನದು.
ಆದರೂ ಗಂಟಲು ಪ್ರತಿ ಸಲ ಹೊಸದಾಗಿ ಒಣಗುತ್ತದೆ.

ಅಜ್ಜಂದಿರ ಕಾರ್ಡು ಚಿನ್ನವಾಯಿತು, ನಿಜ.
ಯಾಕೆಂದರೆ ಅಮ್ಮಂದಿರು ಗುಡಿಸಿ ಎಸೆದರು,
ಹುಡುಗರು ಸೈಕಲ್ಲಿನ ಕಡ್ಡಿಗೆ ಸಿಕ್ಕಿಸಿ
ಪಟಪಟ ಅನ್ನಿಸಿ ಹರಿದರು,
ಉಳಿದದ್ದು ಬೆರಳೆಣಿಕೆ.
ಆ ಕಥೆ ಕೇಳಿ ಇಡೀ ದೇಶಕ್ಕೆ ಬುದ್ಧಿ ಬಂತು.
ಯಾರೂ ಎಸೆಯಲಿಲ್ಲ. ಯಾರೂ ಆಡಲಿಲ್ಲ.
ಅಚ್ಚಿನ ಯಂತ್ರ ಹಗಲೂ ರಾತ್ರಿ ತಿರುಗಿತು,
ಎಷ್ಟೆಂದು ತಿರುಗಿಸಿದವರೂ ಹೇಳಲಿಲ್ಲ.
ಬೀದಿಗೆ ಬೀದಿಯೇ ನೆಲಮಾಳಿಗೆಯಲ್ಲಿ
ಒಂದೇ ನಿಧಿ ಹೂತಿದ್ದರೆ, ಐರ್ಮಾ,
ಅದಕ್ಕೆ ನಿಧಿ ಅನ್ನುವುದಿಲ್ಲ.

ಇದೇನನ್ನೂ ನಾನು ಹೇಳಲಿಲ್ಲ.
"ಪೆಟ್ಟಿಗೆಗೆ ಆರು ಡಾಲರ್," ಅಂದೆ.

"ಅವನು ಕೊಟ್ಟದ್ದು ಹದಿನೆಂಟು."
ಗೊತ್ತು.
"ಮಗಳು ತಾನೇ ಸಾಲ ಮಾಡಿ ನರ್ಸಾದಳು.
ಹೋದ ವರ್ಷ ತೀರಿಸಿದಳು, ನಲವತ್ತೆರಡಕ್ಕೆ."
ಸ್ವಲ್ಪ ಹೊತ್ತು ಹೀಟರ್ ಒಂದೇ ಮಾತಾಡಿತು.
"ಒಂದು ಬಿಚ್ಚಲೇ?" ಅಂದಳು,
ಕೇಳಿದ್ದು ನನ್ನನ್ನಲ್ಲ.

ಒಳಗಿನ ಬಬಲ್‌ಗಮ್ ಗಾಜಿನಂತೆ ಮುರಿಯಿತು.
ಕೊನೆಯ ಕಾರ್ಡಿನ ಎಡಗೈ ಪಿಚರ್‌ನ ಕೆನ್ನೆಗೆ
ಗುಲಾಬಿ ಕಲೆ, ಯಾರೋ ಹೊಡೆದ ಹಾಗೆ.
"ಯಾರಿವನು?"
"ಟಟ್‌ಹಿಲ್. ಎರಡು ವರ್ಷ ಆಡಿದ, ಭುಜ ಹೋಯಿತು.
ಈಗ ಎಲ್ಲೋ ಟೈರ್ ಮಾರುತ್ತಾನಂತೆ."

ಮಾರಲಿಲ್ಲ. ಹೇರಿಕೊಂಡು ಹೊರಟಳು.
ನಮ್ಮ ಬೀದಿಯ ಇಳಿಜಾರು ಗೊತ್ತಲ್ಲ,
ಹಿಂದಿನ ಚಕ್ರ ನಿಂತಲ್ಲೇ ಹಿಮ ಕಡೆಯತೊಡಗಿತು.
ಮರಳಿಲ್ಲ, ಉಪ್ಪಿಲ್ಲ, ನನ್ನ ಸಲಿಕೆ ಪಕ್ಕದವನ ಮನೆಯಲ್ಲಿ.
ಐರ್ಮಾ ಇಳಿದಳು. ಡಿಕ್ಕಿ ತೆಗೆದಳು.
ಮೂವತ್ತು ವರ್ಷದ ಪ್ಲಾಸ್ಟಿಕ್ ಸುತ್ತನ್ನು
ಹಲ್ಲಿನಲ್ಲಿ ಸೀಳಿದಳು.

ಟೈರಿನ ಮುಂದೆ ಇಸ್ಪೀಟೆಲೆಯ ಹಾಗೆ ಹಾಸುತ್ತಾ ಬಂದಳು.
"ಮಗುಚಿ ಹಾಕು," ಅಂದೆ ನಾನು, ಕಸುಬು ಬಿಡುತ್ತದೆಯೇ,
"ಮುಖ ನುಣುಪು, ಜಾರುತ್ತದೆ. ಬೆನ್ನು ಒರಟು."
ಮುಖ ಕೆಳಗೆ, ಅಂಕಿ ಮೇಲೆ.
ಮುನ್ನೂರು ಜನರ ಹಿಟ್ಟು, ರನ್ನು, ಸರಾಸರಿ,
ಹುಟ್ಟಿದೂರು, ತೂಕ, ಎಡಗೈ ಬಲಗೈ,
ಎಲ್ಲವನ್ನೂ ಕಚ್ಚಿ ಹಿಡಿದು
ಕಾರು ಒಮ್ಮೆ ನರಳಿ
ಏರಿಬಿಟ್ಟಿತು.

ಆ ಇಳಿಜಾರಿನಲ್ಲಿ ನಿಲ್ಲಿಸುವಂತಿಲ್ಲ.
ಒಂದು ಸಲ ಹಾರ್ನ್ ಹೊಡೆದಳು, ಹೋದಳು.

ನಾನು ಬಗ್ಗಿ ಬಗ್ಗಿ ಆಯ್ದೆ. ಒದ್ದೆ, ಹರಕು, ಮಸಿ.
ಪೇಟೆಯ ಲೆಕ್ಕದಲ್ಲಿ
ಲೋಕದ ಉಳಿದೆಲ್ಲ ನೆಲಮಾಳಿಗೆಗಳ ಬೆಲೆ
ಆ ಸಂಜೆ ಕೂದಲೆಳೆಯಷ್ಟು ಏರಿರಬೇಕು.

ಟಟ್‌ಹಿಲ್ ಸಿಕ್ಕಿದ. ಕೆನ್ನೆಯಲ್ಲಿ ಗುಲಾಬಿ,
ಅವನ ಎರಡೇ ವರ್ಷದ ಅಂಕಿಗಳ ಮೇಲೆ ಟೈರಿನ ಹಲ್ಲು.
ದುಬಾರಿ ಕಾರ್ಡಿಗೆಂದಿಟ್ಟ ಗಟ್ಟಿ ಡಬ್ಬಿಯಲ್ಲಿ
ಗಲ್ಲಾದ ಪಕ್ಕ ನಿಲ್ಲಿಸಿದ್ದೇನೆ.
ಗಿರಾಕಿಗಳು ಕೇಳುತ್ತಾರೆ, ಕಂಡೀಷನ್ ಏನೆಂದು.
ಬಳಸಿದ್ದು, ಅನ್ನುತ್ತೇನೆ.

ಮಿಕ್ಕ ಹದಿಮೂರು ಅವಳ ಡಿಕ್ಕಿಯಲ್ಲೇ ಇವೆಯಂತೆ.
ಹಿಂದಿನ ಚಕ್ರಕ್ಕೆ ಒಳ್ಳೆಯ ಭಾರ.
ಚಳಿಗಾಲ ಇನ್ನೂ ಎರಡು ತಿಂಗಳಿದೆ.