ಮೂವತ್ತೇಳನೇ ಪುಟ

ನಿಯಮ ಸರಳ: ಹತ್ತು ವರ್ಷ ಯಾರೂ ಒಯ್ಯದ ಪುಸ್ತಕಕ್ಕೆ
ಕೆಂಪು ಮುದ್ರೆ, ರಟ್ಟಿನ ಡಬ್ಬ, ಸೋಮವಾರದ ಲಾರಿ.
ಫ್ರೇಸರ್‌ಬರ್ಗಿನ ಈ ಗ್ರಂಥಾಲಯದಲ್ಲಿ ಮುದ್ರೆ ನನ್ನ ಕೈಯಲ್ಲಿದೆ.
ಹೊರಗೆ ಬಂದರು, ಗಾಳಿ, ಮೀನಿನ ತಲೆಗೆ ಕಿತ್ತಾಡುವ ಕಡಲಹಕ್ಕಿ;
ಒಳಗೆ ಹೆಸ್ಟರ್ ಡಲ್ವೀನ್, ನಲವತ್ತೊಂದು ಕಾದಂಬರಿ,
ಎರಡು ಕಪಾಟು ತುಂಬ.

ಒಂದು ಕಾಲಕ್ಕೆ ಈಕೆಯ ಹೊಸ ಪುಸ್ತಕ ಬಂತೆಂದರೆ
ಮೆಟ್ಟಿಲಿಳಿದು ಐಸ್ ಕಾರ್ಖಾನೆಯ ತನಕ ಸಾಲು ನಿಲ್ಲುತ್ತಿತ್ತಂತೆ.
ನನಗಿಂತ ಮುಂಚೆ ಇಲ್ಲಿದ್ದ ಮಿಸ್ ಕ್ರೂಡನ್ ಹೇಳುತ್ತಿದ್ದಳು:
"ಬ್ರೆಡ್ಡಿಗೆ ಜಗಳವಾಡದವರು ಡಲ್ವೀನಿಗೆ ಆಡಿದರು."
ಎಡಿನ್‌ಬರೋದ ವಿಮರ್ಶಕ ಬರೆದ: ಉಪ್ಪಿನ ಬದಲು ಸಕ್ಕರೆ ಬಿದ್ದ ಗಂಜಿ.
ಊರು ಗಂಜಿ ಕುಡಿಯಿತು, ಬಟ್ಟಲು ನೆಕ್ಕಿತು.
ವಿಮರ್ಶಕನ ಹೆಸರು ನನಗೆ ನೆನಪಿಲ್ಲ; ಡಲ್ವೀನಳದೂ
ಬೆನ್ನುಪಟ್ಟಿ ನೋಡದೆ ಹೇಳು ಎಂದರೆ ತಡವರಿಸುವೆ.

ಗಡುವಿನ ಚೀಟಿ ಅಂಟಿದೆ ಒಳರಟ್ಟಿಗೆ.
ಅರವತ್ತೆರಡರಲ್ಲಿ ತಾರೀಖಿನ ಮೇಲೆ ತಾರೀಖು,
ಬುಟ್ಟಿಯೊಳಗಿನ ಬಂಗುಡೆಯ ಹಾಗೆ ಒತ್ತೊತ್ತಾಗಿ;
ಎಂಬತ್ತರ ಹೊತ್ತಿಗೆ ಉಸಿರಾಡಲು ಜಾಗ;
ತೊಂಬತ್ತೊಂಬತ್ತು, ಒಂದೇ ಒಂದು. ಆಮೇಲೆ ಬಿಳಿ.
ಕೀರ್ತಿ ಸಾಯುವಾಗ ಯಾರೂ ಬೈಯುವುದಿಲ್ಲ,
ಇಂಕು ಒಣಗುತ್ತದೆ, ಅಷ್ಟೆ.

ಅದೇ ವರ್ಷ ಬಂದ ಇನ್ನೊಂದು ಕಾದಂಬರಿ, ಬಹುಮಾನ ಪಡೆದದ್ದು:
ಬೆನ್ನು ಬಾಗಿಲ್ಲ, ಹಾಳೆ ಇಸ್ತ್ರಿ ಅಂಗಿಯ ಹಾಗೆ ಗರಿಗರಿ.
ಚೀಟಿಯಲ್ಲಿ ಮೂರು ತಾರೀಖು. ಎರಡು ನನ್ನವು.
ಅದು ಉಳಿಯುತ್ತದೆ; ಶಾಲೆಯ ಪಟ್ಟಿಯಲ್ಲಿದೆ.
ಮಕ್ಕಳು ಅದರ ಸಾರಾಂಶ ಓದುತ್ತಾರೆ.

ಆದರೆ ಈ ಗುರುತುಗಳು.
ಡಲ್ವೀನಳ ಯಾವ ಪುಸ್ತಕ ತೆರೆದರೂ ಪುಟಸಂಖ್ಯೆಗಳ ಕೆಳಗೆ
ಪೆನ್ಸಿಲಿನ ಚುಕ್ಕೆ, ಇಂಟು, ಪುಟ್ಟ ದೋಣಿ, ಯಾರದೋ ಹೆಸರಿನ ಮೊದಲಕ್ಷರ.
ಮುದುಕಿಯರ ಗುಟ್ಟಿನ ಲಿಪಿ: ಓದಿ ಆಗಿದೆ ಎಂದು
ಮುಂದಿನ ಸಲ ತಮಗೇ ತಿಳಿಯಲಿ ಅಂತ.
ನೋಡಿ, ದೀಪ ಆರಿಸದೆ ರಾತ್ರಿಯಿಡೀ ಓದಿದ್ದನ್ನು
ಓದಿದೆವೋ ಇಲ್ಲವೋ ತಿಳಿಯದಷ್ಟು ಮರೆಯುವುದು!
ಊಟದ ಹಾಗೆ. ಹೋದ ಗುರುವಾರ ಉಂಡದ್ದೇನು, ಯಾರು ಬಲ್ಲರು?
ಉಂಡದ್ದಕ್ಕೇ ತಾನೆ ಶುಕ್ರವಾರ ಎದ್ದು ನಿಂತದ್ದು.

ವಿಲ್ಮಾ ಡಥಿಯ ಗುರುತು, ಮೂವತ್ತೇಳರ ಕೆಳಗೆ ಒಂದು ಗಾಳ.
ಹೆರಿಂಗ್ ಸೀಳುವ ಕೆಲಸ, ಬೆರಳಿಗೆಲ್ಲ ಹಿಟ್ಟಿನ ಚೀಲದ ಅರಿವೆ;
ಕೌಂಟರಿನಲ್ಲಿ ನಿಂತೇ ಕೊನೆಯ ಪುಟ ಮೊದಲು ಓದುವಳಂತೆ.
ಮಿಸ್ ಕ್ರೂಡನ್ ಗದರಿದರೆ: "ಅವನು ತಿರುಗಿ ಬರ್ತಾನೆ ಅಂತ ಗೊತ್ತಾದರೆ
ನಡುವಿನದನ್ನೆಲ್ಲ ತಡಕೊಳ್ಳಬಲ್ಲೆ ನಾನು."
ಕಾದಂಬರಿ ಗೆಲ್ಲುವುದು ಹೇಗೆಂದು ಅಬರ್ಡೀನಿನಲ್ಲಿ ಎರಡು ವರ್ಷ
ಟಿಪ್ಪಣಿ ಬರೆದುಕೊಂಡೆ, ಪಾಸಾದೆ. ಈ ಮಾತು ಅಲ್ಲಿ ಬರಲಿಲ್ಲ.

ಇವತ್ತು ಕೈಗೆ ಬಂದ ಈ ಒಂದು ಪುಸ್ತಕದಲ್ಲಿ
ಮೂವತ್ತೇಳರ ಕೆಳಗೆ ಗಾಳ ಏಳು.
ಮೊದಲನೆಯದು ಶಾಯಿ, ಚೂಪು; ಕೊನೆಯದು ನಡುಗುವ ಪೆನ್ಸಿಲು.
ಮರೆತು ಓದಿದಳೋ, ಮರೆಯಲಾರದೆ ಓದಿದಳೋ?
ಗುರುತು ಕಂಡೂ ಒಯ್ದಳಲ್ಲ, ಆರು ಸಲ.

ಮುದ್ರೆ ಎತ್ತಿದ್ದೆ. ಪುಟ ತೆರೆದೇ ಇತ್ತು.
ಧಕ್ಕೆಯ ತುದಿಯಲ್ಲಿ ಹೆಂಗಸೊಬ್ಬಳು ದೀಪ ಎಣಿಸುತ್ತಿದ್ದಾಳೆ,
ಹೋದ ದೋಣಿ ಆರು, ಬರುವ ದೀಪ ಐದು.
ಬರವಣಿಗೆ ಕಳಪೆ. ಒಂದೇ ವಾಕ್ಯದಲ್ಲಿ ಮೂರು ಸಲ 'ಕಗ್ಗತ್ತಲು'.
ಕಡಲು 'ಗೋಳಿಡುತ್ತದೆ'; ಎರಡು ಸಾಲು ಬಿಟ್ಟು ಹೃದಯವೂ.
ಅವಳು ಮತ್ತೆ ಎಣಿಸುತ್ತಾಳೆ. ಒಂದು, ಎರಡು,
ಮುದ್ರೆ ಒಣಗಿತ್ತು, ಇಂಕಿಗೆ ಒತ್ತಲು ಕೈ ಚಾಚಿದೆ,
ಇನ್ನೊಂದು ಕೈ, ನನ್ನನ್ನು ಕೇಳದೆ, ಪುಟ ತಿರುಗಿಸಿತ್ತು.