ಹಿನ್ನೆಲೆ

ಸೀಸದ ಪೆಟ್ಟಿಗೆ ತೆರೆಯುವ ಮುಂಚೆ
ಬರೀ ಕೋಣೆಯನ್ನು ಎಣಿಸಿ, ಅಂದರು ಪೆನ್ಹಾಲಿಗನ್ ಮೇಷ್ಟ್ರು.
ಏನೂ ಇಲ್ಲದಲ್ಲಿ ಎಷ್ಟಿದೆ, ಅದು ಮೊದಲು.

ಟಿಕ್.
ಟಿಕ್ ಟಿಕ್.
ಸಿಕ್ಸ್ತ್ ಫಾರ್ಮಿನ ಹತ್ತು ಜನ, ಹುಡುಗಿ ಲೊವೆನಾ ಒಬ್ಬಳೇ,
ಉಸಿರು ಬಿಗಿಹಿಡಿದು.
ಗಾಳಿ ಹಲ್ಲಿಯ ಹಾಗೆ ಲೊಚಗುಟ್ಟುತ್ತಿದೆ.

ನಿಮಿಷಕ್ಕೆ ನಲವತ್ತೇಳು.
ಪುಸ್ತಕದಲ್ಲಿ ಇಪ್ಪತ್ತು ಅಂತಿದೆ, ಸರ್.
ಪುಸ್ತಕ ಬರೆದವರು ಕಾರ್ನ್‌ವಾಲಿನವರಲ್ಲ,
ಇಲ್ಲಿ ನೆಲವೆಲ್ಲ ಗ್ರಾನೈಟು. ಬರಕೋ.

ಅಜ್ಜ ಇಪ್ಪತ್ತಾರು ವರ್ಷ ಇಳಿದದ್ದು
ಇದೇ ಕಲ್ಲಿನ ಹೊಟ್ಟೆಗೆ, ತವರ ಹುಡುಕಿಕೊಂಡು.
ಗಣಿ ಮುಚ್ಚಿತು, ಕೆಮ್ಮು ಮುಚ್ಚಲಿಲ್ಲ.
ರಾತ್ರಿ ಪಕ್ಕದ ಕೋಣೆಯಿಂದ
ಎರಡು, ಆಮೇಲೆ ಬಹಳ ಹೊತ್ತು ಏನೂ ಇಲ್ಲ,
ಆಮೇಲೆ ಒಟ್ಟಿಗೇ ಐದು.
ಮುಂದಿನದು ಯಾವಾಗ ಎಂದು ಯಾವ ಸೂತ್ರವೂ ಹೇಳದು,
ಸರಾಸರಿ ಹೇಳೀತು.
ಫೆಬ್ರವರಿಯಿಂದ ಅದೂ ಇಲ್ಲ.

ಈಗ ಮೂಲ. ಇಕ್ಕಳದ ತುದಿಯಲ್ಲಿ, ತೋಳು ನೀಡಿ.
ನಾನೂರ ಎಂಟು.
ಈಗ ಹಿನ್ನೆಲೆ ಕಳೆಯಿರಿ.

ಗೆರೆ ಎಳೆದಳು.
ಕೆಳಗೆ ಮುನ್ನೂರ ಅರವತ್ತೊಂದು.
ಪರೀಕ್ಷೆಗೆ ಬೇಕಾದ್ದು ಅಷ್ಟೇ.

ನಲವತ್ತೇಳು ಅಂಚಿನಲ್ಲಿತ್ತು, ಪೆನ್ಸಿಲಿನಲ್ಲಿ.
ಅಳಿಸು ಎಂದು ಯಾರೂ ಹೇಳಲಿಲ್ಲ.
ರಬ್ಬರು ಕೈಯಲ್ಲೇ ಇತ್ತು.